ರೇಟಿಲ್ಲದ ಖಾನಾವಳಿ ಮತ್ತು ನನ್ನ ಮದುವೆಯ ಬಸ್ತಾ

ಮದುವೆಯ ಬಟ್ಟೆಬರೆಯ ಖರೀದಿಗೆ ನಮ್ಮ ಕಡೆ ಬಸ್ತಾ ಅನ್ನುತ್ತಾರೆ. ನನ್ನ ಬಸ್ತಾ ತರಲು ಕಲಬುರ್ಗಿಗೆ ಹೋದ ದಿನ ಅಪ್ಪನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆವು. ಬೀಗರ ಮುಂದೆ ಅಪ್ಪ ಬಾಯಿ ತೆರೆದರೆ ಮದುವೆ ಮುರಿಯುತ್ತದೆ ಎಂಬುದು ದೊಡ್ಡವ್ವನ ಖಚಿತ ಅಭಿಪ್ರಾಯವಾಗಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಮೊದಲು ಬಂದಿದ್ದ ಒಂದು ಸಂಬಂಧ, ಅಪ್ಪ ಹುಡುಗನ ತಂದೆಗೆ "ನಿಮ್ಮ ಮಗಗ ಒಟ್ಟು ಹಲ್ಲು ಎಷ್ಟು ಅದಾವ್ರಿ, ಎಲ್ಲಾ ಒಮ್ಮಿಗೇ ಕಾಣಾಕತ್ತಾವ" ಎಂದು ಕೇಳಿದ್ದರಿಂದ ಕೈತಪ್ಪಿತ್ತು. ಅವ್ವನಿಗೆ ಬಸ್ಸಿನ ವಾಸನೆ ಬಂದರೇ ಹೊಟ್ಟೆ ತೊಳಸುತ್ತಿತ್ತು. ಹೀಗಾಗಿ ಅತನೂರಿನಿಂದ ಹೊರಟವರು ಮೂವರು: ನಾನು, ಅವ್ವನ ಅಕ್ಕ ಅಂದರೆ ದೊಡ್ಡವ್ವ, ಅಪ್ಪನ ತಮ್ಮ ಅಂದರೆ ಕಾಕಾ. ರೊಕ್ಕ ಕಾಕಾನ ಬನಿಯನ್ನಿನ ಒಳಗಿತ್ತು, ಅಧಿಕಾರ ದೊಡ್ಡವ್ವನ ಕೈಯಲ್ಲಿತ್ತು, ಮದುವೆ ಮಾತ್ರ ನನ್ನದು.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಟಿ.ಸಿ.ಎಚ್. ಮುಗಿಸಿ, ಶಾಲೆಯ ನೌಕರಿಯ ಆರ್ಡರಿಗೆ ಕಾಯುತ್ತ ಕೂತಿದ್ದೆ. ಆರ್ಡರಿಗಿಂತ ಮೊದಲು ಗಂಡು ಬಂದ. ಜೇವರ್ಗಿಯವನು, ಪ್ರಾಥಮಿಕ ಶಾಲೆಯ ಮಾಸ್ತರ. ನೋಡಲು ಬಂದ ದಿನ ಅವನು ನೆಲ ನೋಡಿದ, ನಾನು ಅವನ ಕಾಲಿನ ಬೆರಳು ನೋಡಿದೆ. ಬೆರಳು ಸರಿಯಾಗಿದ್ದವು. ಅಷ್ಟರ ಮೇಲೆ ಮದುವೆ ಗಟ್ಟಿಯಾಯಿತು.

ದೊಡ್ಡವ್ವನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತಂಗಿಯ ಮನೆಗೆ ಬಂದವಳು, ಬಂದ ವಾರದಲ್ಲೇ ಆ ಮನೆಯನ್ನು ತನ್ನದಾಗಿ ಮಾಡಿಕೊಂಡಳಂತೆ. ನಮ್ಮ ಹೊಲ, ನಮ್ಮ ಎಮ್ಮೆ, ನಮ್ಮ ಅಪ್ಪ, ಎಲ್ಲ ಅವಳು ಹೇಳಿದಂತೆ ನಡೆಯುತ್ತಿದ್ದವು. ಬೆಳಿಗ್ಗೆ ಸ್ನಾನವಾದ ಮೇಲೆ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಬೇರೆಯವರ ಮನೆಯಲ್ಲಿ ಅದಕ್ಕೆ ಪೂಜೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ವಿಚಾರಣೆ. "ನಿನ್ನಿ ಹೇಳಿದ್ದು ಏನ್ ಮಾಡ್ದಿ? ಮಳಿ ಎಲ್ಲಿ? ಕಿವಿ ಕೇಳಿಸ್ತದೋ ಇಲ್ಲೋ?" ಎಂದು ದೇವರಿಗೆ ಜೋರು ಮಾಡಿ, ಆಮೇಲೆ ಸಮಾಧಾನಕ್ಕೆ ಒಂದು ಹೂವು ಇಡುತ್ತಿದ್ದಳು.

ಹೊರಗಿನ ಅನ್ನ ಉಂಡರೆ ಹೊಟ್ಟೆ ಕೆಡುತ್ತದೆ ಎಂಬುದು ಅವಳ ಇನ್ನೊಂದು ಸಿದ್ಧಾಂತ. ಆವತ್ತು ಆರು ಜನಕ್ಕೆ ಸಾಕಾಗುವ ಬುತ್ತಿ ಕಟ್ಟಿದ್ದಳು. ಬೀಗರಿಗೆ ಉಣಿಸುವ ಪಾಳಿ ಹೆಣ್ಣಿನ ಕಡೆಯವರದು ತಾನೆ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಬಾಯಿಗೆ ಬಟ್ಟೆ ಕಟ್ಟಿದ ಮೊಸರಿನ ಗಡಿಗೆ. ಅಫಜಲಪುರದ ಕಡೆಯಿಂದ ಬಸ್ಸು ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಒಂದೇ ಒಂದು ಸೀಟು ಕಿಟಕಿಯ ಹತ್ತಿರ ಆಗತಾನೆ ಖಾಲಿಯಾಗಿತ್ತು. ದೊಡ್ಡವ್ವ ಹೊರಗಿನಿಂದಲೇ ಕಿಟಕಿಯಲ್ಲಿ ಕೈ ಹಾಕಿ ಬುತ್ತಿಯ ಗಂಟನ್ನು ಆ ಸೀಟಿನ ಮೇಲಿಟ್ಟು ಬಾಗಿಲಿಗೆ ಓಡಿದಳು. ಅವಳು ಬಾಗಿಲು ಮುಟ್ಟುವುದರೊಳಗೆ, ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟಿದ್ದ ದಪ್ಪನೆಯ ಗೃಹಸ್ಥರೊಬ್ಬರು ಹಿಂದೆಮುಂದೆ ನೋಡದೆ ಅದರ ಮೇಲೆ ಕೂತರು.

ಗಡಿಗೆ ಒಡೆದ ಸಪ್ಪಳ ಕೆಳಗಿದ್ದ ನನಗೂ ಕೇಳಿಸಿತು.

"ಯಾರ ಯವ್ವಾ ಇದನ್ನ ಇಟ್ಟಾಕಿ? ನನ್ನ ಧೋತರ ನೋಡು!" ಎಂದು ಅವರು ಎದ್ದು ನಿಂತು ಹಿಂಭಾಗವನ್ನು ಇಡೀ ಬಸ್ಸಿಗೆ ತೋರಿಸಿದರು.

"ಧೋತರ ತೊಳದ್ರ ಹೋಗ್ತದ. ನನ್ನ ಮೊಸರು ತೊಳದ್ರ ಬರ್ತದೇನು?" ಎಂದಳು ದೊಡ್ಡವ್ವ.

ಬಸ್ಸಿನ ಅರ್ಧ ಜನ ಧೋತರದ ಪರ, ಅರ್ಧ ಜನ ಮೊಸರಿನ ಪರ. ಚೌಡಾಪುರದವರೆಗೂ ವಾದ ನಡೆಯಿತು. ಆದರೆ ಆ ಧೋತರದೊಂದಿಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರೂ ಒಪ್ಪದ ಕಾರಣ ಅವರು ಕಲಬುರ್ಗಿಯವರೆಗೆ ನಿಂತೇ ಬಂದರು. ದೊಡ್ಡವ್ವ ಸೀಟು ಒರೆಸಿಕೊಂಡು ಕೂತಳು. ಬುತ್ತಿ ಹೋದರೂ ಸೀಟು ಸಿಕ್ಕಿತಲ್ಲ ಎಂಬ ಗೆಲುವು ಅವಳ ಮುಖದಲ್ಲಿತ್ತು. ಕಾಕಾ ಮಾತ್ರ ಎದೆಯ ಮೇಲಿನ ರೊಕ್ಕದ ಗಂಟನ್ನು ಮುಟ್ಟಿಕೊಂಡು ಚಿಂತೆಗೆ ಬಿದ್ದಿದ್ದ. ಆರು ಜನಕ್ಕೆ ಹೋಟೆಲಿನಲ್ಲಿ ಊಟ ಹಾಕಿಸುವ ಪ್ರಸಂಗ ಅವನ ಜೀವನದಲ್ಲಿ ಅದುವರೆಗೆ ಬಂದಿರಲಿಲ್ಲ.

ಕಪಡಾ ಬಜಾರಿನ ಅಂಗಡಿಯಲ್ಲಿ ಅತ್ತಿ, ಅಂದರೆ ನನ್ನ ಅತ್ತೆಯಾಗಲಿದ್ದವಳು, ಆಗಲೇ ಗಾದಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಒಣಗಿದ ಮೆಣಸಿನಕಾಯಿಯಂಥ ಹೆಂಗಸು. ಮಗ ಅವಳ ಹಿಂದೆ, ಗೋಡೆಗೆ ಹತ್ತಿಕೊಂಡು ನಿಂತಿದ್ದ. ಮಾವ ಬಂದಿರಲಿಲ್ಲ. "ಅವರಿಗೆ ಜರೂರಿ ಕೆಲಸ ಇತ್ತು" ಎಂದಳು ಅತ್ತಿ. ಎಂಥ ಕೆಲಸ ಎಂದು ಕಾಕಾ ಕೇಳಿದ. ಅವಳು ಕೇಳಿಸದವಳಂತೆ ಸೀರೆಯೊಂದನ್ನು ಮೂಗಿಗೆ ಹಿಡಿದಳು. ಸೀರೆಗಳನ್ನು ಮೂಸಿ ನೋಡಿ ಆರಿಸುವವರನ್ನು ನಾನು ಮೊದಲು ಕಂಡದ್ದು ಅಂದೇ. ಮೂಸಿದ ಮೇಲೆ ಸೆರಗನ್ನು ಚಿವುಟಿ, ಬೆಳಕಿಗೆ ಹಿಡಿದು, ಅಂಗಡಿಯವನ ಮುಖ ನೋಡಿ, ಹತ್ತಿರದ ರಾಶಿಯ ಮೇಲೆ ಒಗೆಯುತ್ತಿದ್ದಳು.

ಹುಡುಗಿಗೆ ಉಡಿಸುವ ಶಾಸ್ತ್ರದ ಸೀರೆ ಗಂಡಿನ ಕಡೆಯದು, ಹುಡುಗನ ಬಟ್ಟೆ ನಮ್ಮ ಕಡೆಯದು ಎಂದು ಮಾತಾಗಿತ್ತು. ಅಂದಮೇಲೆ ದೊಡ್ಡವ್ವ ಸೀರೆಯ ವಿಷಯದಲ್ಲಿ ಸುಮ್ಮನಿರಬೇಕಿತ್ತು. ಅವಳ ಜಾಯಮಾನ ಅದಲ್ಲ. ಅಂಗಡಿಯವನು ಹಸಿರು ರೇಷ್ಮೆಯೊಂದನ್ನು ಬಿಚ್ಚಿದ ಕೂಡಲೇ ಅದನ್ನು ಎತ್ತಿ ನನ್ನ ಹೆಗಲ ಮೇಲೆ ಹಾಕಲು ಬಂದಳು.

"ಬೀಗರ," ಎಂದಳು ಅತ್ತಿ. ದನಿ ಮೆತ್ತಗಿತ್ತು. "ಅದು ಶಾಸ್ತ್ರದ ಸೀರಿ. ನೀವು ಜರಾ ದೂರ ಇದ್ರ ಛಲೋ."

ದೊಡ್ಡವ್ವನ ಹಣೆಯಲ್ಲಿ ವಿಭೂತಿ ಇತ್ತು, ಕುಂಕುಮ ಇರಲಿಲ್ಲ. ಮಾತಿನ ಅರ್ಥ ಅಂಗಡಿಯವನಿಗೂ ಆಯಿತು. ಅವನು ತಲೆ ತಗ್ಗಿಸಿ, ಯಾರೂ ಕೇಳದಿದ್ದರೂ ಐದು ಸೋಡಾ ತರಿಸಿದ. ದೊಡ್ಡವ್ವ ಸೀರೆಯನ್ನು ಕೆಳಗಿಟ್ಟು, ತನ್ನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಅವು ಬೇರೆ ಯಾರದೋ ಕೈಗಳು, ಸ್ವಲ್ಪ ಹೊತ್ತು ಕಾಯಲು ಕೊಟ್ಟಿದ್ದಾರೆ ಎನ್ನುವ ಹಾಗೆ. ದೇವರಿಗೇ ಜೋರು ಮಾಡುವವಳು ಒಂದು ಮಾತು ಆಡಲಿಲ್ಲ. ಕಾಕಾ ಸೋಡಾದ ಗೋಲಿ ನೋಡುತ್ತ ಕೂತ. ನಾನೂ ಏನೂ ಅನ್ನಲಿಲ್ಲ. ಅದನ್ನು ಬರೆಯಲು ಈಗಲೂ ಮನಸ್ಸಿಲ್ಲ, ಆದರೆ ಆದದ್ದು ಹಾಗೆಯೇ.

ಹತ್ತು ನಿಮಿಷದ ಮೇಲೆ ಅವಳ ನಾಲಿಗೆ ಮರಳಿ ಬಂತು. ಆಮೇಲೆ ಕೈ ಉಪಯೋಗಿಸದೆ ಬರೀ ಬಾಯಿಯಿಂದ ಯುದ್ಧ ಮಾಡಿದಳು. ಅತ್ತಿ ರಾಣಿ ಬಣ್ಣದ ಸೀರೆ ಎತ್ತಿದರೆ "ಬ್ಯಾಂಡಿನವರ ಅಂಗಿ ಇದ್ದಂಗ ಅದ" ಅನ್ನುವಳು. ದೊಡ್ಡವ್ವ ಹಸಿರಿನ ಕಡೆ ಕಣ್ಣು ಮಾಡಿದರೆ ಅತ್ತಿ "ಈಚಲ ಚಾಪಿ" ಅನ್ನುವಳು. ನಲವತ್ತು ಸೀರೆ ಬಿಚ್ಚಿದರೂ ಒಂದೂ ಪಾಸಾಗಲಿಲ್ಲ. ರಾಶಿಯ ಅಡಿಯಲ್ಲಿ ಬದನೆಕಾಯಿ ಬಣ್ಣದ ಸೀರೆಯ ಅಂಚೊಂದು ನನಗೆ ಕಂಡಿತ್ತು. ಕೇಳುವವರಿರಲಿಲ್ಲವಾದ್ದರಿಂದ ನಾನು ಹೇಳಲಿಲ್ಲ. ಹೊತ್ತು ನೆತ್ತಿಯ ಮೇಲೆ ಬಂದಾಗ ಅಂಗಡಿಯವನೇ ಕೈಮುಗಿದ. "ಯವ್ವಾ, ಉಂಡು ಬರ್ರಿ. ಹಸಗೊಂಡಾಗ ಯಾವ ಬಣ್ಣಾನೂ ಛಲೋ ಕಾಣಂಗಿಲ್ಲ."

ಹೊರಗೆ ಬಂದ ಮೇಲೆ ಕಾಕಾ ದೊಡ್ಡವ್ವನ ಕಿವಿಯಲ್ಲಿ, "ಗಂಜಿನ ಹಿಂದ ಒಂದು ಖಾನಾವಳಿ ಅದ ಅಕ್ಕಾ, ಭಾರೀ ಹೆಸರು" ಎಂದ. ಹೆಸರು ಯಾವ ಕಾರಣಕ್ಕೆ ಬಂದಿದೆ ಎಂದು ಅವನು ಹೇಳಲಿಲ್ಲ. ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ತೊಗರಿ ಮಾರಲು ಬಂದಾಗಲೆಲ್ಲ ಅವನು ಉಣ್ಣುತ್ತಿದ್ದದ್ದು ಅಲ್ಲೇ ಎಂಬುದು ಆಮೇಲೆ ಗೊತ್ತಾಯಿತು.

ಉರಿಬಿಸಿಲಲ್ಲಿ ನಡೆದು ಹೋದೆವು. ತಗಡಿನ ಮಾಡು, ಮಣ್ಣಿನ ಗೋಡೆ, ಹೆಸರಿನ ಬೋರ್ಡು ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಶಾಲೆಯ ಕರಿಹಲಗೆಯೊಂದನ್ನು ತೂಗುಹಾಕಿ ಸೀಮೆಸುಣ್ಣದಲ್ಲಿ ಬರೆದಿದ್ದರು: "ಹಸಿವಾದವರು ಒಳಗ ಬರ್ರಿ. ಉಂಡ ಮ್ಯಾಲ ಮನಸಿಗೆ ಬಂದಷ್ಟು ಡಬ್ಬಿಗೆ ಹಾಕ್ರಿ. ಇಲ್ಲದವರು ಹಂಗ ಹೋಗ್ರಿ, ಇಲ್ಲಾ ಎರಡು ಗಂಗಾಳ ತೊಳೀರಿ. ಯಾರೂ ಕೇಳಂಗಿಲ್ಲ." ಡಬ್ಬಿಯನ್ನು ಒಂದು ಮೂಲೆಯಲ್ಲಿ, ಗೋಡೆಯ ಮರೆಗೆ ಇಟ್ಟಿದ್ದರು. ಯಾರು ಎಷ್ಟು ಹಾಕಿದರು, ಹಾಕಿದರೋ ಬರೀ ಕೈ ಅಲ್ಲಾಡಿಸಿದರೋ ಎಂಬುದು ಕಾಣುವಂತಿರಲಿಲ್ಲ.

ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ. ಅತ್ತಿಗೆ ಬರುತ್ತಿತ್ತು. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿ, ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಬೀಗರಿಗೆ ಭಿಕ್ಷಾನ್ನ ಉಣಸಾಕ ಕರ್ಕೊಂಡು ಬಂದೀರೇನ್ರಿ?"

ದೊಡ್ಡವ್ವ ಕಾಕಾನ ಕಡೆ ತಿರುಗಿದಳು. "ಲೇ, ಇದೇನೋ ಇದು? ಛತ್ರಕ್ಕ ಕರ್ಕೊಂಡು ಬಂದೀಯೇನೋ ನಮ್ಮನ್ನ? ನಮ್ಮ ಮರ್ಯಾದಿ ಏನಾತು?"

ಬೀಗತಿಯರಿಬ್ಬರೂ ಬೆಳಗಿನಿಂದ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಇಬ್ಬರೂ ತಿರುಗಿ ಹೊರಡುವವರೇ ಇದ್ದರು. ಅಷ್ಟರಲ್ಲಿ ಒಳಗಿನಿಂದ ದೊಡ್ಡ ದನಿಯೊಂದು ಬಂತು.

"ಬಾಗಲದಾಗ ನಿಂದರಬ್ಯಾಡ್ರಿ! ಒಳಗ ಜಾಗಾ ಅದ, ಮುಂದ ಸರೀರಿ, ಮುಂದ ಸರೀರಿ! ಯಕ್ಕಾ, ಕಾಲು ಒಳಗ ತೊಗೋರಿ!"

ಇಡೀ ಆಯುಷ್ಯ ಬಸ್ಸಿನಲ್ಲಿ ಓಡಾಡಿದವರು ನಾವು. ಆ ದನಿಗೆ ಎದುರಾಡುವ ಅಭ್ಯಾಸವೇ ಇರಲಿಲ್ಲ. ಬೀಗತಿಯರಿಬ್ಬರೂ ದಬದಬನೆ ಒಳಗೆ ಸರಿದು, ಖಾಲಿ ಇದ್ದ ಜಾಗ ನೋಡಿ ಕೂತೇಬಿಟ್ಟರು. ಕೂತ ಮೇಲೆ ಯಾಕೆ ಕೂತೆವು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದನಿಯ ಯಜಮಾನ ಮಟಕಿ ಎಂಬ ಊರಿನ ಕಡೆಯ ಮುದುಕ. ಆಳಂದದ ಲೈನಿನಲ್ಲಿ ವರ್ಷಗಟ್ಟಲೆ ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವನು. ಕಾಲು ಅಗಲಿಸಿ, ಓಡುವ ಬಸ್ಸಿನಲ್ಲಿ ನಿಂತವನಂತೆ ತೂಗಾಡುತ್ತ ಬಡಿಸುತ್ತಿದ್ದ. ಒಂದು ಸಾಲಿಗೆ ಬಡಿಸಿ ಮುಗಿದರೆ ಅಡುಗೆಮನೆಯ ಕಡೆ ತಿರುಗಿ "ರೈಟ್" ಅನ್ನುತ್ತಿದ್ದ. ಪಲ್ಯ ಸಾಕಾದವರು "ಹೋಲ್ಡಾನ್" ಅನ್ನಬೇಕಾಗಿತ್ತು.

"ರೊಕ್ಕ ಯಾಕ ತೊಗೊಳಂಗಿಲ್ರಿ ನೀವು?" ಎಂದು ನನ್ನ ಮಾಸ್ತರ ಕೇಳಿದ. ಅವನ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಆಗ.

"ತೊಗೊಳಂಗಿಲ್ಲ ಅಂತ ಯಾರಂದ್ರು? ಕೇಳಂಗಿಲ್ಲ. ಜಿಂದಗಿ ಪೂರಾ ಮಂದೀಗೆ ಟಿಕೀಟ್ ಟಿಕೀಟ್, ಚಿಲ್ಲರ ಚಿಲ್ಲರ ಅಂತ ಕೇಳಿ ಕೇಳಿ ನನ್ನ ಗಂಟಲ ಹರದು ಹೋಗ್ಯದ. ಇನ್ನ ಸಾಯೂತನಕ ಯಾರಿಗೂ ಕೇಳಬಾರದು ಅಂತ ಆಣಿ ಮಾಡೀನಿ," ಎಂದು ಅವನು ಮುಂದೆ ಹೋದ.

ಪುಣ್ಯ, ಧರ್ಮ, ದಾಸೋಹ ಎಂದು ಏನಾದರೂ ಹೇಳುತ್ತಾನೆಂದು ನಾನು ಕಾಯುತ್ತಿದ್ದೆ. ಹೇಳಲಿಲ್ಲ. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಅದಕ್ಕೇ.

ಸಾಲಿನಲ್ಲಿ ಗಂಜಿನ ಹಮಾಲರಿದ್ದರು, ಹೊಲಿಗೆಯ ಸಾಹೇಬರೊಬ್ಬರಿದ್ದರು, ಟೈ ಕಟ್ಟಿಕೊಂಡ ಔಷಧಿ ಏಜೆಂಟನೊಬ್ಬ, ಬಾಳೆಹಣ್ಣು ಮಾರುವ ಮುದುಕಿ, ತೊಗರಿ ತಂದ ರೈತರು. ಯಾರ ಪಕ್ಕ ಯಾರು ಎಂಬ ಲೆಕ್ಕವಿರಲಿಲ್ಲ. ದೊಡ್ಡವ್ವನ ಎಡಕ್ಕೆ ಒಬ್ಬ ಹಮಾಲ, ಮೈಯೆಲ್ಲ ತೊಗರಿ ಧೂಳು. ದೊಡ್ಡವ್ವ ಒಂದು ಗೇಣು ಬಲಕ್ಕೆ ಸರಿದಳು. ಬಲಕ್ಕೆ ಬಾಳೆಹಣ್ಣಿನ ಮುದುಕಿ. ಮತ್ತೆ ಅರ್ಧ ಗೇಣು ಎಡಕ್ಕೆ ಬಂದಳು. ನಮ್ಮ ಮನೆಯ ಪಡಸಾಲೆಯಲ್ಲಿ ಬಸವಣ್ಣನವರ ದೊಡ್ಡ ಫೋಟೋ ಇತ್ತು. ಹೊಲದ ಆಳುಗಳು ಚಹಾ ಕುಡಿಯುವ ಕಪ್ಪುಗಳು ಮಾತ್ರ ದನದ ಕೊಟ್ಟಿಗೆಯ ಗೂಡಿನಲ್ಲಿದ್ದವು. ಎರಡರ ಕೆಲಸವೂ ನನ್ನದೇ, ಫೋಟೋದ ಗಾಜು ಒರೆಸಿ ಹೂವು ಇಡುವುದು, ಕಪ್ಪಿಗೆ ದೂರದಿಂದ ನೀರು ಹಾಕುವುದು. ಎರಡನ್ನೂ ಒಂದೇ ಮುಂಜಾನೆ ಮಾಡುತ್ತಿದ್ದೆ. ನನಗೂ ಏನೂ ಅನಿಸುತ್ತಿರಲಿಲ್ಲ.

ಆಗ ರೊಟ್ಟಿ ಬಂತು. ದಪ್ಪ, ಒಂದು ಕಡೆ ಹಸಿ, ಒಂದು ಕಡೆ ಕರಿ, ಆಕಾರ ಹೇಳುವಂತಿಲ್ಲ. ಪುಂಡಿ ಪಲ್ಯ, ತೊಗರಿ ಬೇಳೆ ಚೆನ್ನಾಗಿದ್ದವು. ರೊಟ್ಟಿ ಮಾತ್ರ ಹರಿಯಲೊಲ್ಲದು. ದೊಡ್ಡವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು.

"ಕಂಡಕ್ಟ್ರೇ, ಇದು ರೊಟ್ಟಿನೋ, ನಿಮ್ಮ ಬಸ್ಸಿನ ಟಾಯರೋ?"

ಹಮಾಲರೆಲ್ಲ ನಕ್ಕರು. ಅವರೂ ಒಂದು ವಾರದಿಂದ ಅದನ್ನೇ ಹೇಳಬೇಕೆಂದಿದ್ದರು, ಪುಕ್ಕಟೆ ಉಂಡವರು ಬಾಯಿ ತೆರೆಯುವುದು ಹೇಗೆ ಎಂದು ಸುಮ್ಮನಿದ್ದರು.

ಮುದುಕನಿಗೆ ಬೇಸರವೇನೂ ಆಗಲಿಲ್ಲ. "ನನ್ನ ಹೆಂಡತಿ ಮಗಳ ಬಾಣಂತನಕ್ಕ ಆಳಂದಕ್ಕ ಹೋಗ್ಯಾಳ ಯಕ್ಕಾ. ರೊಟ್ಟಿ ನಾನೇ ಬಡಿಯಾಕತ್ತೇನಿ. ಟಿಕೀಟ್ ಹರದ ಕೈ ಇದು, ಹಿಟ್ಟಿನ ಮಾತು ಕೇಳಂಗಿಲ್ಲ. ನಿಮಗ ಬರ್ತಿದ್ರ ಒಲಿ ಒಳಗ ಅದ."

ಅವನು ಹಾಗೆ ಅಂದದ್ದು ಮಾತಿಗೆ. ದೊಡ್ಡವ್ವ ಅದನ್ನು ಸವಾಲು ಎಂದು ತೆಗೆದುಕೊಂಡಳು. ಕೈತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಐದು ನಿಮಿಷದಲ್ಲಿ ತಪತಪ ತಪತಪ ಎಂದು ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಮೊದಲ ರೊಟ್ಟಿ ಹೊರಗೆ ಬಂದಾಗ, ಉಬ್ಬಿ, ಹಬೆ ಬಿಡುತ್ತ, ಹುಣ್ಣಿಮೆಯ ಚಂದ್ರನಂತಿತ್ತು. ದೊಡ್ಡವ್ವನ ಪಕ್ಕ ಕೂತಿದ್ದ ಹಮಾಲ ಅದನ್ನು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, "ನಮ್ಮವ್ವ ಎದ್ದು ಬಂದ್ಳು" ಎಂದ.

"ಅತನೂರ ರೊಟ್ಟಿ!" ಎಂದು ಕಾಕಾ ಎದೆ ಉಬ್ಬಿಸಿದ. ಅದನ್ನು ಹೇಳಬಾರದಿತ್ತು.

ಅತ್ತಿಯ ಮೂಗು ಸಣ್ಣಗಾಯಿತು. ಅವಳು ರೊಟ್ಟಿಯ ಒಂದು ಚೂರನ್ನು ಮೂಸಿ, ಬೆಳಕಿಗೆ ಹಿಡಿದು ನೋಡಿದಳು. "ಛಲೋ ಅದ. ಜರಾ ದಪ್ಪ. ನಮ್ಮ ಜೇವರ್ಗಿ ಕಡೀ ರೊಟ್ಟಿ ಇದಕಿಂತ ತೆಳ್ಳಗ ಇರ್ತಾವ್ರಿ," ಎಂದಳು.

"ತೋರಸ್ರಿ ಹಂಗಾರ!" ಎಂದಳು ಒಳಗಿನಿಂದ ದೊಡ್ಡವ್ವ. ಅವಳ ಕಿವಿಗೆ ಕೇಳದ ಮಾತು ಇರಲಿಲ್ಲ.

ಅತ್ತಿ ಎದ್ದಳು. ಮಗ "ಅವ್ವಾ, ಹೋಗ್ಲಿ ಬಿಡವ್ವಾ" ಎಂದ. ಅವಳು ಅವನ ಕೈಗೆ ತನ್ನ ಚೀಲ ಕೊಟ್ಟು ಒಳಗೆ ನಡೆದಳು. ಅಡುಗೆಮನೆಯಲ್ಲಿ ಎರಡು ಒಲೆಗಳಿದ್ದದ್ದು ನಮ್ಮ ಪುಣ್ಯ. ಆಮೇಲೆ ಎರಡು ಕಡೆಯಿಂದ ಸಪ್ಪಳ, ಜುಗಲ್‌ಬಂದಿ. ಮುದುಕ ಎರಡು ಬುಟ್ಟಿ ಬೇರೆ ಬೇರೆ ಇಟ್ಟು, "ಎಡಗಡೆ ಅಫಜಲಪುರ, ಬಲಗಡೆ ಜೇವರ್ಗಿ, ಯಾವ ಕಡೀ ಪ್ರಯಾಣಿಕರು ಅದೀರಿ ಹೇಳ್ರಿ" ಎಂದು ಕೂಗುತ್ತ ತಿರುಗಿದ. ಜನ ಎರಡೂ ಕೇಳಿದರು. ತೀರ್ಪು ಕೊಡುವುದಾಗಿ ಹೇಳಿ ಎರಡೆರಡು ಸುತ್ತು ತಿಂದರು. ಸುದ್ದಿ ಗಂಜಿಗೆ ಮುಟ್ಟಿ, ಉಂಡವರು ಎದ್ದು ಹೋಗುವ ಮೊದಲೇ ಹೊಸಬರು ಬಂದು ನಿಂತರು. ಕಾಕಾ ಯಾರಿಗೂ ಬೇಸರವಾಗಬಾರದೆಂದು ಎರಡೂ ಬುಟ್ಟಿಯಿಂದ ನಾಲ್ಕು ನಾಲ್ಕು ತಿಂದು, ಮೂಲೆಯ ಜೋಳದ ಚೀಲಗಳ ಮೇಲೆ ಒರಗಿ ಗೊರಕೆ ಹೊಡೆಯಲು ಶುರುಮಾಡಿದ.

"ನೀವಿಬ್ಬರು ಯಾಕ ಸುಮ್ಮ ಕುಂತೀರಿ?" ಎಂದು ಮುದುಕ ನನ್ನ ಕೈಗೆ ಪಲ್ಯದ ಬೋಗುಣಿ, ಮಾಸ್ತರನ ಕೈಗೆ ನೀರಿನ ತಂಬಿಗೆ ಕೊಟ್ಟ. ಮದುವೆಗೆ ಇನ್ನೂ ಮೂರು ವಾರವಿರುವಾಗ ನಾವಿಬ್ಬರೂ ಗಂಜಿನ ಹಮಾಲರಿಗೆ ಬಡಿಸುತ್ತ ನಿಂತೆವು. ಅವನು ಹೆಜ್ಜೆಗೊಮ್ಮೆ ನೀರು ಚೆಲ್ಲುತ್ತಿದ್ದ. ಔಷಧಿ ಏಜೆಂಟನ ಟೈ ತೋಯ್ದುಹೋಯಿತು.

ರೊಟ್ಟಿ ತರಲು ಅಡುಗೆಮನೆಯ ಬಾಗಿಲಿಗೆ ಹೋದಾಗ ಒಳಗಿನ ಮಾತು ಕಿವಿಗೆ ಬಿತ್ತು. ನಾನು ನಿಂತುಬಿಟ್ಟೆ.

"ಯಜಮಾನ್ರು ಹೋಗಿ ಎಷ್ಟು ವರ್ಷ ಆತ್ರಿ?" ಅತ್ತಿಯ ದನಿ.

"ಮೂವತ್ತರ ಮ್ಯಾಲ ಆತು."

"ಏನಾಗಿತ್ರಿ?"

"ಭೀಮಾ ಹೊಳಿ ದಾಟಾಕ ಹ್ವಾದ್ರು. ದಾಟಲಿಲ್ಲ."

ಒಂದು ರೊಟ್ಟಿ ಬಡಿದು ಮುಗಿಸಿ ಅತ್ತಿ ಹೇಳಿದಳು, "ನಮ್ಮವರು ಅದಾರ. ಇದ್ದು ಏನ್ ಮಾಡ್ಯಾರಂತೀರಿ? ಇವತ್ತು ಮಗನ ಬಸ್ತಾ ಅದ, ಬರ್ರಿ ಅಂದೆ. ಇಸ್ಪೀಟ್ ಆಡಾಕ ಕುಂತಾರ. ಮಂದೀಗೆ ಜರೂರಿ ಕೆಲಸ ಅಂತ ಹೇಳೂದು ನನ್ನ ಕೆಲಸ."

"ಹಂಗಾರ ನನಗ ನಿಮಗ ಏನ್ ಫರಕ ಆತ್ರಿ ಅಕ್ಕಾರ? ನಿಮಗೊಂದು ಕುಂಕುಮದ ಖರ್ಚು ಜಾಸ್ತಿ!" ಎಂದಳು ದೊಡ್ಡವ್ವ.

ಮುಗಿಯಿತು, ಮದುವೆ ಇಲ್ಲಿಗೆ ಮುರಿಯಿತು, ಅಪ್ಪನನ್ನೇ ಕರೆದುಕೊಂಡು ಬಂದಿದ್ದರೂ ಇಷ್ಟು ಚೊಕ್ಕವಾಗಿ ಮುರಿಯುತ್ತಿರಲಿಲ್ಲ ಅಂದುಕೊಂಡೆ. ಒಳಗಿನಿಂದ ಕೆಮ್ಮಿದಂತೆ ಒಂದು ಸದ್ದು ಬಂತು. ಇಣುಕಿ ನೋಡಿದರೆ ಅತ್ತಿ ನಗುತ್ತಿದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲದೆ, ಹಿಟ್ಟಿನ ಧೂಳು ಗಂಟಲಿಗೆ ಹೋಗಿ ಕಣ್ಣಲ್ಲಿ ನೀರು ಬಂದಿತ್ತು. ದೊಡ್ಡವ್ವ ಅವಳ ಬೆನ್ನು ಬಡಿಯುತ್ತಿದ್ದಳು. ನಾನು ರೊಟ್ಟಿ ತೆಗೆದುಕೊಳ್ಳದೆ ಹಿಂದಕ್ಕೆ ಬಂದೆ.

ಊಟದ ಗದ್ದಲ ಕಡಿಮೆಯಾದಾಗ ಮಾಸ್ತರ ನನ್ನ ಹತ್ತಿರ ಬಂದು, ತಂಬಿಗೆಯನ್ನೇ ನೋಡುತ್ತ ಕೇಳಿದ, "ನಿಮಗ ಯಾವ ಸೀರಿ ಬೇಕಾಗಿತ್ರಿ?"

ಬೆಳಗಿನಿಂದ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಬದನೀಕಾಯಿ ಬಣ್ಣದ್ದು. ರಾಶಿ ಬುಡಕ ಇತ್ತು," ಎಂದೆ. ಅವನು ಇಷ್ಟು ಕೇಳಿದ ಮೇಲೆ ನನಗೂ ಧೈರ್ಯ ಬಂತು. "ನೌಕರಿ ಆರ್ಡರ್ ಬಂದ್ರ ನಾ ಹೋಗ್ತೇನ್ರಿ."

"ಹೋಗ್ರಿ. ಎರಡು ಪಗಾರ ಬಂದ್ರ ಯಾರಿಗೆ ಬ್ಯಾಡ?" ಎಂದು ಆ ಮಹಾ ಪ್ರಶ್ನೆಯನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. ಆಮೇಲೆ ತನ್ನ ಕಷ್ಟ ಹೇಳಿಕೊಂಡ. "ನಿಮ್ಮ ಕಡೆಯವರು ನನಗ ಸೂಟು ಹೊಲಿಸ್ತಾರಂತ. ಈ ಬ್ಯಾಸಗಿ ಬಿಸಲಾಗ ಕೋಟು ಹಾಕ್ಕೊಂಡು ಕುಂತ್ರ, ಅಕ್ಷತಾ ಬೀಳೂದ್ರಾಗ ನಾ ಬೆಂದು ಹೋಗ್ತೇನ್ರಿ. ಒಂದು ಧೋತರ, ಒಂದು ಬಿಳಿ ಅಂಗಿ ಸಾಕು ಅಂತ ಜರಾ ಹೇಳ್ರಿ."

"ಯಾರಿಗೆ ಹೇಳ್ಲಿ? ಅವರು ರೊಟ್ಟಿ ಬಡಿಯಾಕತ್ತಾರ."

ಇಬ್ಬರಿಗೂ ಒಂದೇ ವಿಚಾರ ಬಂದದ್ದು ಆಗಲೇ ಇರಬೇಕು. ಕಾಕಾನನ್ನು ಅಲುಗಾಡಿಸಿ ಎಬ್ಬಿಸಿದೆವು. ದೊಡ್ಡವ್ವ ಹೇಳಿ ಕಳಿಸಿದ್ದಾಳೆ ಎಂದು ನಾನು ಸುಳ್ಳು ಹೇಳಿದೆ. ನಿದ್ದೆಗಣ್ಣಿನ ಕಾಕಾ ಬನಿಯನ್ನಿನ ಗಂಟು ಮುಟ್ಟಿ ನೋಡಿಕೊಂಡು ನಮ್ಮ ಹಿಂದೆ ಬಟ್ಟೆ ಅಂಗಡಿಗೆ ಬಂದ. ಅಂಗಡಿಯವನು ಬೀಗತಿಯರಿಬ್ಬರೂ ಇಲ್ಲದ್ದನ್ನು ಕಂಡು, ಒಮ್ಮೆ ಬಾಗಿಲ ಕಡೆ ನೋಡಿ ಖಾತ್ರಿ ಮಾಡಿಕೊಂಡು, ರಾಶಿಯ ಬುಡದಿಂದ ಬದನೆಕಾಯಿ ಬಣ್ಣವನ್ನು ಎಳೆದ. ಮುಂಜಾನೆಯೆಲ್ಲ ಮುಗಿಯದ ಕೆಲಸ ಒಂದು ಚಹಾ ಕುಡಿಯುವುದರಲ್ಲಿ ಮುಗಿಯಿತು. ಸೀರೆ, ಧೋತರ, ಎರಡು ಬಿಳಿ ಅಂಗಿಯ ಬಟ್ಟೆ. ಸೀರೆಯ ರೊಕ್ಕ ಮಾಸ್ತರ ತನ್ನ ಪಗಾರದಿಂದ ಕೊಟ್ಟ. ಅತ್ತಿಯ ಚೀಲ ಅವನ ಹೆಗಲಲ್ಲೇ ಇದ್ದರೂ ಅದನ್ನು ಅವನು ಬಿಚ್ಚಲಿಲ್ಲ.

ಮರಳಿ ಬಂದಾಗ ಖಾನಾವಳಿ ಖಾಲಿಯಾಗಿತ್ತು. ಬೀಗತಿಯರಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಕೊನೆಗೆ ಉಳಿದ ರೊಟ್ಟಿ ಪಲ್ಯ ಉಣ್ಣುತ್ತಿದ್ದರು. ಇಬ್ಬರ ಮುಖವೂ ಒಲೆಯ ಝಳಕ್ಕೆ ಕೆಂಪಾಗಿತ್ತು.

ನಾನು ಪೊಟ್ಟಣ ಮುಂದಿಟ್ಟೆ. ಮಾಸ್ತರ ನನ್ನ ಹಿಂದೆ ನಿಂತ. ಕ್ಷಣ ಬಿಟ್ಟು, ಪಕ್ಕಕ್ಕೆ ಬಂದು ನಿಂತ. ಅದನ್ನು ನಾನು ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಅತ್ತಿ ಕಾಗದದ ತುದಿ ಸರಿಸಿ ನೋಡಿದಳು. "ಅಯ್ಯ ಶಿವನೇ! ಬದನೀಕಾಯಿ!"

"ಮದಿವಿಗೆ ಬದನೀಕಾಯಿ ಉಡ್ತಾರೇನ್ ಬೇ ಯಾರಾದ್ರೂ?" ಎಂದು ದೊಡ್ಡವ್ವ ನನಗೆ.

"ಇವನಿಗರ ಕಣ್ಣು ಬ್ಯಾಡೇನ್ರಿ? ಮಾಸ್ತರ ಅಂತ ಮಾಸ್ತರ!" ಎಂದು ಅತ್ತಿ ಮಗನ ಕಡೆ ಕೈ ಮಾಡಿ.

"ನೀವು ಆ ರಾಣಿ ಬಣ್ಣದ್ದು ಆರಿಸಿದ್ರಲ್ಲ ಅಕ್ಕಾರ, ಅದೇ ಛಲೋ ಇತ್ತು."

"ನಿಮ್ಮ ಹಸರೂ ಏನ್ ಕೆಟ್ಟ ಇರಲಿಲ್ಲ ಬಿಡ್ರಿ."

ಹೀಗೆ ಅವರಿಬ್ಬರೂ ಒಟ್ಟಾಗಿ ನಮ್ಮಿಬ್ಬರನ್ನು ಅರ್ಧ ತಾಸು ಬೈದರು. ಬೈಗುಳದಲ್ಲಿ ಅಷ್ಟು ಹೊಂದಾಣಿಕೆ ನಾನು ಬೇರೆಲ್ಲೂ ಕಂಡಿಲ್ಲ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಮುಂದುವರಿಸುತ್ತಿದ್ದಳು. ಕೊನೆಗೆ ಅತ್ತಿ ಸೀರೆಯ ಪೊಟ್ಟಣವನ್ನು ಎತ್ತಿ ದೊಡ್ಡವ್ವನ ಮಡಿಲಿಗೆ ಹಾಕಿದಳು.

"ಬಿಚ್ಚಿ ನೋಡ್ರಿ ಬೀಗರ. ಸೆರಗಿನಾಗ ಏನರ ಜರಿ ಅದನೋ ಇಲ್ಲೋ. ನನ್ನ ಕೈಗೆ ಹಿಟ್ಟು ಹತ್ಯದ."

ದೊಡ್ಡವ್ವನ ಕೈಗೂ ಹಿಟ್ಟು ಹತ್ತಿತ್ತು. ಮೊಣಕೈಯವರೆಗೆ ಹತ್ತಿತ್ತು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಸೀರೆ ಬಿಚ್ಚಿ, ನನ್ನನ್ನು ಹತ್ತಿರ ಕರೆದು ಹೆಗಲಿಗೆ ಹಾಕಿ ನೋಡಿದಳು. "ಕರ್ರಗಿದ್ದಾಕಿ ಇನ್ನಾ ಕರ್ರಗ ಕಾಣ್ತಿ," ಎಂದಳು. ಅತ್ತಿ ಅತ್ತ ತಿರುಗಿ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದಳು.

ಹೊರಡುವಾಗ ಕಾಕಾ ಡಬ್ಬಿಯ ಮರೆಗೆ ಹೋಗಿ ಬಹಳ ಹೊತ್ತು ನಿಂತ. ದೊಡ್ಡವ್ವ ಹಿಂದಿನಿಂದ ಹೋಗಿ ನಿಂತದ್ದರಿಂದ ಅವನಿಗೆ ಬರೀ ಕೈ ಅಲ್ಲಾಡಿಸಿ ಬರಲು ಸಾಧ್ಯವಾಗಲಿಲ್ಲ. ಮುದುಕ ಬಾಗಿಲವರೆಗೆ ಬಂದು, "ಮತ್ತ ಬರ್ರಿ ಯಕ್ಕಾರ, ಸೀಟು ಹಿಡದು ಇಟ್ಟಿರ್ತೇನಿ" ಎಂದ. ನಾವು ರಸ್ತೆಗಿಳಿದ ಮೇಲೆ ಹಿಂದಿನಿಂದ "ರೈಟ್!" ಎಂದು ಕೂಗಿದ.

ಅಂದಿನಿಂದ ಎಲ್ಲ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮದುವೆಯ ದಿನ ಅಕ್ಷತೆಯ ಹೊತ್ತಿಗೆ ದೊಡ್ಡವ್ವ ಅಡುಗೆಯವರ ಹತ್ತಿರವೇ ಉಳಿದಳು. ಅತ್ತಿ ಎರಡು ಸಲ ಹೇಳಿ ಕಳಿಸಿದಳು, ಮೂರನೆಯ ಸಲ ತಾನೇ ಎದ್ದು ಹೋದಳು. "ಅಲ್ಲಿ ಬಂದು ಏನ್ ಮಾಡ್ಲಿ? ಇಲ್ಲಿ ಸಾರು ಕೆಡ್ತದ," ಎಂದಳಂತೆ ದೊಡ್ಡವ್ವ. ಮೂವತ್ತು ವರ್ಷದ ರೂಢಿ ಒಂದು ಮಧ್ಯಾಹ್ನದಲ್ಲಿ ಬಿಡುವಂಥದ್ದಲ್ಲ. ನಮ್ಮ ಕೊಟ್ಟಿಗೆಯ ಗೂಡಿನ ಕಪ್ಪುಗಳೂ ಇನ್ನೂ ಕೆಲವು ವರ್ಷ ಅಲ್ಲೇ ಇದ್ದವು. ಒಂದು ದಿನ ತವರಿಗೆ ಹೋದಾಗ ನಾನೇ ಅವನ್ನು ಒಳಗೆ ತಂದಿಟ್ಟೆ. ದೊಡ್ಡವ್ವ ಅವನ್ನು ಮತ್ತೆ ಹೊರಗೆ ಇಡಲಿಲ್ಲ. ಆದರೆ ತಾನು ಆ ಕಪ್ಪಿನಲ್ಲಿ ಕುಡಿಯಲೂ ಇಲ್ಲ.

ಖಾನಾವಳಿಗೆ ಮಾತ್ರ ಇಬ್ಬರೂ ಅಂಟಿಕೊಂಡರು. ದೊಡ್ಡವ್ವನಿಗೆ ತಿಂಗಳಿಗೊಮ್ಮೆ ಕಣ್ಣು ಮಂಜಾಗತೊಡಗಿತು, ಅತ್ತಿಗೆ ಅದೇ ದಿನ ಮೊಣಕಾಲು ನೋಯತೊಡಗಿತು. ಎರಡಕ್ಕೂ ಕಲಬುರ್ಗಿಯ ದವಾಖಾನೆಯೇ ಬೇಕು. ಒಬ್ಬಳು ಅತನೂರಿನಿಂದ, ಒಬ್ಬಳು ಜೇವರ್ಗಿಯಿಂದ ಬಂದು ಗಂಜಿನ ಹಿಂದೆ ಸೇರುತ್ತಿದ್ದರು. ದವಾಖಾನೆಯ ಚೀಟಿಯನ್ನು ಯಾರೂ ಕಣ್ಣಲ್ಲಿ ಕಾಣಲಿಲ್ಲ. ಮೂರು ತಿಂಗಳು ಅವರದೇ ರಾಜ್ಯ. ಆಮೇಲೆ ಮುದುಕನ ಹೆಂಡತಿ ಬಾಣಂತನ ಮುಗಿಸಿ ಆಳಂದದಿಂದ ಬಂದಳು. ತನ್ನ ಒಲೆಯ ಮುಂದೆ ಇಬ್ಬರು ಅಪರಿಚಿತ ಹೆಂಗಸರು ಕೂತು, ಹಿಟ್ಟು ಕಲಸಿದ್ದು ಸರಿಯಿಲ್ಲ ಎಂದು ತನಗೇ ಹೇಳಿದಾಗ, ಲಟ್ಟಣಿಗೆ ಎತ್ತಿಕೊಂಡಳಂತೆ. ಜಗಳ ಗಂಜಿನವರೆಗೆ ಕೇಳಿಸಿತು. ಮುದುಕ ಹೊರಗೆ ಹೋಗಿ ಕರಿಹಲಗೆಯ ಕೆಳಗೆ ಬೀಡಿ ಸೇದುತ್ತ ಕೂತನೇ ಹೊರತು ಒಳಗೆ ಬರಲಿಲ್ಲ.

ಕೊನೆಗೆ ರಾಜಿಯಾಯಿತು. ಒಲೆ ಹೆಂಡತಿಯದು, ಉಳ್ಳಾಗಡ್ಡಿ ಇವರಿಬ್ಬರದು. ಅಲ್ಲಿಂದ ಮುಂದೆ ಆ ಖಾನಾವಳಿ ನಡೆದಷ್ಟು ದಿನವೂ ಅವರಿಬ್ಬರೂ ಬಾಗಿಲ ಪಕ್ಕ ಕೂತು ಉಳ್ಳಾಗಡ್ಡಿ ಹೆಚ್ಚುತ್ತ, ಆ ಹೆಂಗಸಿನ ರೊಟ್ಟಿ ಎಷ್ಟು ಕೆಟ್ಟದಾಗಿದೆ ಎಂದು, ಅವಳಿಗೆ ಸರಿಯಾಗಿ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು.